ಜೀಪು ಎತ್ತಿಸುವ ಮೊದಲು ಅದರ ಕೆಳಗೆ ಮಲಗಿ ನೋಡಿ

(ಚಿಕ್ಕಮಗಳೂರಿನಲ್ಲಿ ತೋಟದವರು, ಜೀಪು ಓಡಿಸುವವರು, ಗ್ಯಾರೇಜಿನವರು ಸೇರಿದ್ದ ಒಂದು ಭಾನುವಾರದ ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಬಿಡಿಸಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಳಗೆ ಬರುವ ಮುಂಚೆ ಹೊರಗೆ ನಿಂತಿರುವ ಗಾಡಿಗಳನ್ನು ಒಂದು ಸುತ್ತು ನೋಡಿ ಬಂದೆ. ಹಳೇ ಎಂಎಂ 540 ಜೀಪು ಇದೆ, ಜಿಪ್ಸಿ ಇದೆ, ಹೊಸ ಥಾರ್ ಜಾಸ್ತಿ ಇವೆ, ಮೂಡಿಗೆರೆ ಕಡೆಯಿಂದ ಬಂದ ಒಂದೆರಡು ಪಿಕಪ್ ಕೂಡ ಇವೆ. ಅರ್ಧಕ್ಕಿಂತ ಜಾಸ್ತಿ ಗಾಡಿಗಳನ್ನು ಎತ್ತರ ಮಾಡಿಸಿದ್ದೀರಿ. ಕೆಲವಕ್ಕೆ ಮೇಲೆ ಕ್ಯಾರಿಯರ್ ಇದೆ, ಅದರ ಮೇಲೆ ಡೀಸೆಲ್ ಕ್ಯಾನು, ಸ್ಟೆಪ್ನಿ, ಜಾಕು. ನೋಡಿ ಖುಷಿಯಾಯಿತು. ಎರಡು ಗಾಡಿಗಳ ಕೆಳಗೆ ಬಗ್ಗಿ ನೋಡಿದಾಗ ಸ್ವಲ್ಪ ಭಯವೂ ಆಯಿತು. ಆ ಭಯದ ಬಗ್ಗೆಯೇ ಇವತ್ತು ಮಾತಾಡಬೇಕು.

ಮೊದಲು ನನ್ನದೇ ಒಂದು ಘಟನೆ ಹೇಳಿಬಿಡುತ್ತೇನೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ಆಗ ನನ್ನ ಹತ್ತಿರ ಒಂದು ಹಳೇ ಜೀಪು ಇತ್ತು. ಆ ಜೀಪಿನಲ್ಲಿ ಹೌಸಿಂಗ್, ಅಂದರೆ ಆಕ್ಸಲ್ಲಿನ ಕಬ್ಬಿಣದ ಕವಚದ ಕೆಳಗೆ ಕಮಾನ್ ಪ್ಲೇಟುಗಳು, ಅಂದರೆ ಗಾಡಿಯ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳು ಇರುತ್ತಿದ್ದವು. ಅವನ್ನು ಬಿಚ್ಚಿ ಹೌಸಿಂಗ್ ಮೇಲೆ ಕೂರಿಸಿದರೆ ಒಂದೇ ಏಟಿಗೆ ನಾಲ್ಕೂವರೆ ಇಂಚು ಎತ್ತರ ಸಿಗುತ್ತದೆ. ಹೊಸ ಕಮಾನ್ ಪ್ಲೇಟು ಬೇಡ, ಖರ್ಚು ಕಡಿಮೆ. ಮಾಡಿಸಿದೆ. ಗೇರಿನ ಕಡೆಯಿಂದ ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಜಾಯಿಂಟ್ ಶಾಫ್ಟ್ ಹಳೇದೇ ಇತ್ತು, ಅದನ್ನು ಯಾರೂ ಮುಟ್ಟಲಿಲ್ಲ, ನಾನೂ ಕೇಳಲಿಲ್ಲ. ಗಾಡಿ ನೋಡೋಕೆ ಆನೆಮರಿ ಹಾಗೆ ನಿಂತಿತ್ತು.

ಮೂರು ವಾರ ಓಡಿಸಿದೆ. ನಲವತ್ತು ಕಿಲೋಮೀಟರ್ ವೇಗ ದಾಟಿದರೆ ಸೀಟಿನ ಕೆಳಗೆ ಒಂದು ಗುಂಯ್ ಶಬ್ದ. ಕ್ಲಚ್ ಬಿಟ್ಟಾಗ ಹಿಂದೆ ಒಂದು ಟಕ್. ಗ್ರೀಸ್ ಹೊಡೆಯಬೇಕು ಅಂದುಕೊಂಡು ಸುಮ್ನೆ ಬಿಟ್ಟೆ. ಆಶ್ಲೇಷ ಮಳೆ ಮುಗಿಯುವ ಹೊತ್ತು. ಆಲ್ದೂರಿನ ಹತ್ತಿರದ ಒಂದು ತೋಟಕ್ಕೆ ಗೊಬ್ಬರದ ಮೂಟೆ ಹಾಕಿಕೊಂಡು ಏರು ಹತ್ತುತ್ತಿದ್ದೆವು. ಮೊದಲ ಗೇರು, ಎರಡೇ ಚಕ್ರದ ಎಳೆತ. ಅರ್ಧ ಏರಿನಲ್ಲಿ ಕೆಳಗಿನಿಂದ ಗುಂಡು ಹೊಡೆದ ಹಾಗೆ ಶಬ್ದ ಬಂತು. ಎಂಜಿನ್ ಓಡುತ್ತಿದೆ, ಗಾಡಿ ಹಿಂದಕ್ಕೆ ಜಾರುತ್ತಿದೆ. ಹ್ಯಾಂಡ್ ಬ್ರೇಕ್ ಎಳೆದೆ. ಹಿಡಿಯಲಿಲ್ಲ.

ಯಾಕೆ ಹಿಡಿಯಲಿಲ್ಲ ಗೊತ್ತಾ? ಹಳೇ ಜೀಪುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ ಚಕ್ರದಲ್ಲಿ ಇರುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಹಿಂಭಾಗದಲ್ಲಿ, ಜಾಯಿಂಟ್ ಶಾಫ್ಟ್ ಶುರುವಾಗುವ ಜಾಗದಲ್ಲಿ ಇರುತ್ತದೆ. ಆ ಬ್ರೇಕು ಹಿಡಿಯುವುದು ಶಾಫ್ಟನ್ನು. ಶಾಫ್ಟು ತುಂಡಾದರೆ ಗೇರೂ ಇಲ್ಲ, ಎಂಜಿನ್ ಹಿಡಿತವೂ ಇಲ್ಲ, ಹ್ಯಾಂಡ್ ಬ್ರೇಕೂ ಇಲ್ಲ. ಮೂರೂ ಒಂದೇ ಕ್ಷಣದಲ್ಲಿ ಹೋಗುತ್ತವೆ. ಉಳಿಯುವುದು ಕಾಲಿನ ಬ್ರೇಕು ಒಂದೇ. ಅದೂ ಒದ್ದೆ ಡ್ರಮ್ಮು.

ಪಕ್ಕದಲ್ಲಿ ತೋಟದ ಹಳೇ ಡ್ರೈವರ್ ಕೂತಿದ್ದರು. ಅವರು ಕೂಗಲೂ ಇಲ್ಲ, ಹಾರಲೂ ಇಲ್ಲ. "ಫೋರ್ ವೀಲ್ ಹಾಕಿ ಸಾರ್" ಅಂದರು, ತಾವೇ ಕೈ ಚಾಚಿ ಲಿವರ್ ಎಳೆದರು. ಒಂದು ಗೇಣು ಹಿಂದೆ ಜಾರಿ, ಕಟಕ್ ಅಂತ ಕಚ್ಚಿಕೊಂಡು ಗಾಡಿ ನಿಂತಿತು. ಫೋರ್ ವೀಲ್ ಹಾಕಿದಾಗ ಮುಂದಿನ ಶಾಫ್ಟು ಹಿಂದಿನ ಔಟ್‌ಪುಟ್ ಜೊತೆ ಸೇರಿಕೊಳ್ಳುತ್ತದೆ. ಹಾಗಾಗಿ ಅದೇ ಹ್ಯಾಂಡ್ ಬ್ರೇಕು ಈಗ ಮುಂದಿನ ಚಕ್ರಗಳನ್ನು ಹಿಡಿಯಿತು. ಜೊತೆಗಿದ್ದ ಹುಡುಗ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ನನ್ನ ಕೈ ನಡುಗುತ್ತಿತ್ತು.

ಆಮೇಲೆ ಕೆಳಗೆ ಮಲಗಿ ನೋಡಿದೆ. ಶಾಫ್ಟಿನ ಎರಡು ತುದಿಯಲ್ಲೂ ಅದು ಓರೆಯಲ್ಲಿ ತಿರುಗಲು ಬಿಡುವ, ಕೂಡು ಗುರುತಿನ ಆಕಾರದ ಕೀಲು ಇರುತ್ತದೆ, ಅದೇ ಕ್ರಾಸ್. ಹಿಂದಿನ ಕ್ರಾಸ್ ಎರಡು ಹೋಳು. ಮುಂದಿನ ಕ್ರಾಸಿನ ಟೋಪಿಗಳ ಸುತ್ತ ಕುಂಕುಮ ಉದುರಿಸಿದ ಹಾಗೆ ಕೆಂಪು ಪುಡಿ. ಒಳಗಿನ ಸೂಜಿ ಬೇರಿಂಗುಗಳು ಒಣಗಿ, ತುಕ್ಕು ಹಿಡಿದು, ಪುಡಿಯಾಗಿ ಹೊರಗೆ ಬಂದದ್ದು ಅದು. ಆ ಮೂರು ವಾರದಲ್ಲಿ ಒಂದು ಸಲ ಟಾರ್ಚು ಹಿಡಿದು ಕೆಳಗೆ ನೋಡಿದ್ದರೆ ಕಾಣುತ್ತಿತ್ತು. ಇವತ್ತು ಇಲ್ಲಿಂದ ಒಂದೇ ವಿಷಯ ನೆನಪಿಟ್ಟುಕೊಂಡು ಹೋಗುವುದಾದರೆ ಆ ಕೆಂಪು ಪುಡಿಯನ್ನು ನೆನಪಿಟ್ಟುಕೊಳ್ಳಿ.

ಈಗ ವಿಷಯಕ್ಕೆ ಬರೋಣ. ಗಾಡಿ ಎತ್ತುವುದು ಅಂತ ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಏನನ್ನು ಎತ್ತುತ್ತಿದ್ದೀರಿ ಅನ್ನುವುದು ಮುಖ್ಯ. ಚಾಸಿ ಮತ್ತು ಬಾಡಿ ನಡುವೆ ಗಟ್ಟಿ ಬುಶ್ ಇಟ್ಟು ಬಾಡಿಯನ್ನಷ್ಟೇ ಎತ್ತಬಹುದು. ಆಗ ದೊಡ್ಡ ಟೈರಿಗೆ ಜಾಗ ಸಿಗುತ್ತದೆ, ಶಾಫ್ಟಿನ ಕೋನ ಬದಲಾಗುವುದಿಲ್ಲ. ಚಾಸಿ ಇದ್ದಲ್ಲೇ ಇರುತ್ತದೆ. ಸಸ್ಪೆನ್ಷನ್, ಅಂದರೆ ಕಮಾನು ಅಥವಾ ಸ್ಪ್ರಿಂಗು, ಎತ್ತಿದರೆ ಚಾಸಿ, ಎಂಜಿನ್, ಗೇರ್‌ಬಾಕ್ಸ್ ಎಲ್ಲ ಮೇಲೆ ಹೋಗುತ್ತವೆ, ಹೌಸಿಂಗ್ ಮಾತ್ರ ಕೆಳಗೇ ಉಳಿಯುತ್ತದೆ. ಕಲ್ಲಿಗೆ ಮೊದಲು ತಗಲುವುದು ಆ ಹೌಸಿಂಗಿನ ಉಂಡೆ ತಾನೇ? ಸಸ್ಪೆನ್ಷನ್ ನಾಲ್ಕಲ್ಲ, ಎಂಟು ಇಂಚು ಎತ್ತಿದರೂ ಆ ಉಂಡೆ ಒಂದು ನೂಲೂ ಮೇಲೇಳುವುದಿಲ್ಲ. ಅದು ಮೇಲೇಳುವುದು ಟೈರು ದೊಡ್ಡದಾದಾಗ, ಅದೂ ಹೆಚ್ಚಿದ್ದರ ಅರ್ಧದಷ್ಟು ಮಾತ್ರ.

ಒಂದು ಲೆಕ್ಕ ನೋಡಿ. 235/75 ಆರ್ 15 ಟೈರಿನ ಎತ್ತರ ಸುಮಾರು 733 ಮಿಲಿಮೀಟರ್. 31 ಇಂಚಿನ ಟೈರು ಅಂದರೆ 787. ವ್ಯತ್ಯಾಸ 54 ಮಿಲಿಮೀಟರ್. ಹೌಸಿಂಗ್ ಎದ್ದದ್ದು 27, ಹೆಚ್ಚುಕಮ್ಮಿ ಒಂದು ಇಂಚು. ಇಷ್ಟಕ್ಕೆ ನೀವು ಕೊಡುವ ಬೆಲೆ ಏನು? ನಿಮ್ಮ ಗೇರು ಏಳು ಪರ್ಸೆಂಟ್ ಉದ್ದವಾಗುತ್ತದೆ. ಮೀಟರ್ 40 ತೋರಿಸಿದಾಗ ಗಾಡಿ 43ರಲ್ಲಿ ಓಡುತ್ತಿರುತ್ತದೆ. ಏರಿನಲ್ಲಿ ಎಳೆತ ಕಡಿಮೆ, ಇಳಿಜಾರಿನಲ್ಲಿ ಎಂಜಿನ್ ಹಿಡಿತ ಕಡಿಮೆ, ಬ್ರೇಕಿಗೆ ಕೆಲಸ ಜಾಸ್ತಿ. ಚಾರ್ಮಾಡಿ ಘಾಟಿ ಇಳಿಯುವವರಿಗೆ ಈ ಏಳು ಪರ್ಸೆಂಟ್ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಹಾಗಂತ ಟೈರು ದೊಡ್ಡದು ಮಾಡಲೇಬೇಡಿ ಅನ್ನುತ್ತಿಲ್ಲ. ಒಂದು ಸೈಜು ಮೇಲೆ ಹೋಗಿ, ಸಾಕು. ಅದಕ್ಕಿಂತ ಜಾಸ್ತಿ ಬೇಕಾದರೆ ಹೌಸಿಂಗ್ ಒಳಗಿನ ಹಲ್ಲು ಚಕ್ರಗಳಾದ ಕ್ರೌನ್ ಪಿನಿಯನ್ ಕೂಡ ಬದಲಾಯಿಸುವ ದುಡ್ಡು ಇಟ್ಟುಕೊಂಡು ಶುರು ಮಾಡಿ.

ನಮ್ಮ ತೋಟದ ರಸ್ತೆಗಳಿಗೆ ನಿಜವಾಗಿ ಬೇಕಾದದ್ದು ಏನು? ಇದರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಮಳೆನೀರು ರಸ್ತೆ ಕೊರೆಯಬಾರದು ಅಂತ ನಾವು ತೋಟದ ದಾರಿಗೆ ಓರೆಯಾಗಿ ಅಡ್ಡ ಚರಂಡಿ ತೋಡಿರುತ್ತೇವೆ, ಅಲ್ವಾ? ಜೀಪು ಅದನ್ನು ದಾಟುವಾಗ ಮುಂದಿನ ಎಡ ಚಕ್ರ ಗುಂಡಿಗೆ ಇಳಿಯುತ್ತದೆ, ಹಿಂದಿನ ಬಲ ಚಕ್ರ ಗಾಳಿಗೆ ಏಳುತ್ತದೆ. ಎರಡು ಪಕ್ಕದ ಚಕ್ರಗಳಿಗೆ ಎಂಜಿನ್ ಬಲ ಹಂಚುವ ಸಾಮಾನ್ಯ ಡಿಫರೆನ್ಷಿಯಲ್‌ಗೆ ಒಂದು ಸ್ವಭಾವ ಇದೆ. ಗಾಳಿಯಲ್ಲಿ ಸುತ್ತುವ ಚಕ್ರಕ್ಕೆ ಎಷ್ಟು ಬಲ ಸಾಕೋ ಅಷ್ಟನ್ನೇ ನೆಲದ ಮೇಲಿರುವ ಚಕ್ರಕ್ಕೂ ಕೊಡುತ್ತದೆ. ಗಾಳಿಯಲ್ಲಿ ಚಕ್ರ ತಿರುಗಲು ಬಲವೇ ಬೇಡ. ಹಾಗಾಗಿ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಅಂದರೆ ನಮಗೆ ಬೇಕಿರುವುದು ಚಕ್ರ ನೆಲ ಬಿಡದ ಸಸ್ಪೆನ್ಷನ್.

ಆದರೆ ನಾವು ಮಾಡುವುದೇನು? ಎರಡು ಪ್ಲೇಟು ಹೆಚ್ಚಿಗೆ ಹಾಕಿಸುತ್ತೇವೆ. ಗಾಡಿ ಎರಡು ಇಂಚು ಏಳುತ್ತದೆ, ಕಮಾನು ಕಲ್ಲಿನ ಹಾಗೆ ಆಗುತ್ತದೆ. ಮೊದಲು ನೆಲದಲ್ಲಿದ್ದ ಚಕ್ರವೂ ಈಗ ಮೇಲೇಳುತ್ತದೆ. ದುಡ್ಡು ಕೊಟ್ಟು ಗಾಡಿಯ ಶಕ್ತಿ ಕಡಿಮೆ ಮಾಡಿಸಿಕೊಂಡ ಹಾಗಾಯಿತು. ತೆಳು ಪ್ಲೇಟುಗಳು ಜಾಸ್ತಿ ಇರುವ, ಸರಿಯಾದ ಬಾಗು ಇರುವ ಕಮಾನು ಹಾಕಿಸಿ. ಪ್ಲೇಟುಗಳ ನಡುವೆ ತುಕ್ಕು ಕೂತಿದ್ದರೆ ಬಿಚ್ಚಿಸಿ, ಉಜ್ಜಿಸಿ, ಗ್ರೀಸ್ ಹಾಕಿ ಕಟ್ಟಿಸಿ. ಹಳೇ ಜೀಪುಗಳಲ್ಲಿ ಇದೊಂದರಿಂದಲೇ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ಮಾಡಿ ನೋಡಿದವರಿಗೇ ಗೊತ್ತು.

ಕಮಾನಿನ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಪಟ್ಟಿಯನ್ನು ಉದ್ದ ಮಾಡಿಸುವವರೂ ಇದ್ದಾರೆ. ಎರಡು ಇಂಚು ಉದ್ದದ ಶ್ಯಾಕಲ್ ಹಾಕಿದರೆ ಗಾಡಿ ಏಳುವುದು ಒಂದೇ ಇಂಚು. ಏಕೆಂದರೆ ಶ್ಯಾಕಲ್ ಕಮಾನಿನ ಒಂದು ತುದಿಯಲ್ಲಿದೆ, ಹೌಸಿಂಗ್ ನಡುವಿನಲ್ಲಿದೆ. ಅದರ ಜೊತೆಗೆ ಹೌಸಿಂಗ್ ಸ್ವಲ್ಪ ತಿರುಗಿಕೊಳ್ಳುತ್ತದೆ. ಮುಂದಿನ ಆಕ್ಸಲ್ಲಿನಲ್ಲಿ ಹೀಗಾದರೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಹೋಗುತ್ತದೆ. ಕಡೂರು ರಸ್ತೆಯಲ್ಲಿ ಅರವತ್ತು ದಾಟಿದಾಗ ಗಾಡಿ ಆಚೆ ಈಚೆ ಅಲೆಯುವುದು ಇದರಿಂದಲೇ. ಡ್ರೈವರ್ ತಪ್ಪಲ್ಲ.

2010ರಲ್ಲಿ ಬಂದ ಹಳೇ ಥಾರ್‌ನ ಸಿಆರ್‌ಡಿಇ ಮಾದರಿ ಇರುವವರು ಮುಂದೆ ಸ್ಪ್ರಿಂಗಿನ ಬದಲು ಇರುವ, ತಿರುಚಿಕೊಳ್ಳುವ ಕಂಬಿಯ (ಟಾರ್ಷನ್ ಬಾರ್) ಬೋಲ್ಟು ಬಿಗಿ ಮಾಡಿ ಎತ್ತುತ್ತೀರಿ. ಅದು ಬಿಟ್ಟಿ ಎತ್ತರ ಅಂತ ಎಲ್ಲರೂ ಹೇಳುತ್ತಾರೆ. ಬಿಟ್ಟಿಯಲ್ಲ. ಚಕ್ರ ಕೆಳಗೆ ಚಾಚುವ ಜಾಗವನ್ನೇ ತಿಂದು ಆ ಎತ್ತರ ಕೊಡುತ್ತದೆ. ಗುಂಡಿ ಬಂದಾಗ ಚಕ್ರ ಇಳಿಯಲು ಜಾಗವೇ ಇರುವುದಿಲ್ಲ, ಟಪ್ ಅಂತ ಸ್ಟಾಪರಿಗೆ ಹೊಡೆಯುತ್ತದೆ. 2020ರ ಥಾರ್‌ನಲ್ಲಿ ಮುಂದೆ ಬೇರೆ ಬೇರೆಯಾಗಿ ಆಡುವ ಚಕ್ರ, ಕಾಯಿಲ್ ಸ್ಪ್ರಿಂಗು. ಕಂಪನಿಯಿಂದ ಬರುವಾಗಲೇ 226 ಮಿಲಿಮೀಟರ್ ಕ್ಲಿಯರೆನ್ಸ್ ಇದೆ, 650 ಮಿಲಿಮೀಟರ್ ನೀರು ದಾಟುತ್ತದೆ ಅಂತ ಕಂಪನಿಯೇ ಹೇಳಿದೆ. ತೋಟಕ್ಕೆ, ನಮ್ಮ ಗುಡ್ಡಗಳಿಗೆ ಇದು ಬೇಕಾದಷ್ಟಾಯಿತು. ಅದರಲ್ಲಿ ಸ್ಪೇಸರ್ ಇಟ್ಟು ಎರಡು ಇಂಚಿಗಿಂತ ಜಾಸ್ತಿ ಎತ್ತಿದರೆ ಮುಂದಿನ ಆಕ್ಸಲ್ಲಿನ ರಬ್ಬರ್ ಬೂಟುಗಳು ಯಾವಾಗಲೂ ಮಡಚಿಕೊಂಡೇ ತಿರುಗುತ್ತವೆ. ಒಂದು ಮಳೆಗಾಲದಲ್ಲಿ ಹರಿಯುತ್ತವೆ. ಒಳಗೆ ಕೆಸರು ಹೋದರೆ ಜಾಯಿಂಟು ಮುಗಿಯಿತು.

ಜಾಯಿಂಟ್ ಶಾಫ್ಟಿಗೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಎತ್ತಿದ ಗಾಡಿ ಕೈಕೊಡುವುದು ಹೆಚ್ಚಾಗಿ ಇಲ್ಲೇ.

ಟ್ರಾನ್ಸ್‌ಫರ್ ಕೇಸ್ ಮೇಲಿದೆ, ಹೌಸಿಂಗ್ ಕೆಳಗಿದೆ. ನಡುವೆ ಶಾಫ್ಟು ಓರೆಯಾಗಿ ಇಳಿಯುತ್ತದೆ. ಜೀಪಿನ ಹಿಂದಿನ ಶಾಫ್ಟು ಬಹಳ ಗಿಡ್ಡ. ಜಿಪ್ಸಿಯ ವೀಲ್‌ಬೇಸೇ 2375 ಮಿಲಿಮೀಟರ್. ಅದರಲ್ಲಿ ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಕಳೆದರೆ ಶಾಫ್ಟಿಗೆ ಉಳಿಯುವ ಜಾಗ ಎಷ್ಟು? ಶಾಫ್ಟು 60 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಗಾಡಿ ನಾಲ್ಕು ಇಂಚು, ಅಂದರೆ 10 ಸೆಂಟಿಮೀಟರ್ ಎತ್ತಿದಿರಿ. ಶಾಫ್ಟಿನ ಓರೆ ಸುಮಾರು ಒಂಬತ್ತೂವರೆ ಡಿಗ್ರಿ ಜಾಸ್ತಿಯಾಯಿತು. ಅದೇ ಎತ್ತರವನ್ನು 120 ಸೆಂಟಿಮೀಟರ್ ಶಾಫ್ಟಿರುವ ಉದ್ದದ ಪಿಕಪ್ಪಿಗೆ ಮಾಡಿದರೆ ಐದು ಡಿಗ್ರಿಯೂ ಆಗುವುದಿಲ್ಲ. ಪಿಕಪ್ಪಿನವರು ಮಾಡಿದ್ದನ್ನು ನೋಡಿ ಜೀಪಿನವರು ಮಾಡಬಾರದು ಅನ್ನುವುದು ಇದಕ್ಕೇ.

ಓರೆಯಾದರೆ ಏನಾಗುತ್ತದೆ? ಕ್ರಾಸ್ ಇರುವ ಶಾಫ್ಟು ಓರೆಯಲ್ಲಿ ತಿರುಗುವಾಗ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಈ ಕಡೆ ಒಂದೇ ಸಮ ತಿರುಗಿಸಿದರೂ ಆ ಕಡೆ ಒಂದು ಸುತ್ತಿಗೆ ಎರಡು ಸಲ ಜೋರಾಗಿ, ಎರಡು ಸಲ ನಿಧಾನವಾಗಿ ತಿರುಗುತ್ತದೆ. ಓರೆ 10 ಡಿಗ್ರಿ ಇದ್ದರೆ ಈ ಏರಿಳಿತ ಒಂದೂವರೆ ಪರ್ಸೆಂಟ್. 20 ಡಿಗ್ರಿ ಆದರೆ ಆರು ಪರ್ಸೆಂಟ್. ಓರೆ ಎರಡು ಪಟ್ಟಾದರೆ ಹೊಡೆತ ನಾಲ್ಕು ಪಟ್ಟು. ನನಗೆ ಸೀಟಿನ ಕೆಳಗೆ ಕೇಳಿಸುತ್ತಿದ್ದ ಗುಂಯ್ ಅದೇ.

ಇದಕ್ಕೆ ಮದ್ದು ಎರಡನೇ ಕ್ರಾಸ್. ಮುಂದಿನ ಕ್ರಾಸ್ ಮಾಡಿದ ಏರಿಳಿತವನ್ನು ಹಿಂದಿನ ಕ್ರಾಸ್ ಅಳಿಸುತ್ತದೆ. ಆದರೆ ಎರಡು ಷರತ್ತು. ಎರಡೂ ಕಡೆಯ ಕೋನ ಸಮ ಇರಬೇಕು. ಕ್ರಾಸುಗಳನ್ನು ಹಿಡಿದಿರುವ ಶಾಫ್ಟಿನ ಎರಡು ಕವಲುಗಳು ಒಂದೇ ಸಾಲಿನಲ್ಲಿ ಇರಬೇಕು. ಶಾಫ್ಟಿನ ಎರಡು ತುಂಡು ಒಂದರೊಳಗೊಂದು ಜಾರುವ ಹಲ್ಲಿನ ಜಾಗವೇ ಸ್ಪ್ಲೈನು, ಅದರಲ್ಲಿ ಒಂದು ಹಲ್ಲು ತಪ್ಪಿಸಿ ಜೋಡಿಸಿದರೂ ಏರಿಳಿತ ಪೂರ್ತಿ ಅಳಿಯುವುದಿಲ್ಲ. ಅದಕ್ಕೇ ಗ್ಯಾರೇಜಿನ ಅಣ್ಣಂದಿರಿಗೆ ನನ್ನ ಕೋರಿಕೆ: ಶಾಫ್ಟು ಬಿಚ್ಚುವ ಮೊದಲು ಎರಡೂ ತುಂಡಿಗೆ ಸೇರುವ ಹಾಗೆ ಸೀಮೆಸುಣ್ಣದಲ್ಲಿ, ಬೇಕಿದ್ದರೆ ಪೇಂಟಿನಲ್ಲಿ, ಒಂದು ಗೆರೆ ಎಳೆಯಿರಿ. ಎರಡು ಸೆಕೆಂಡಿನ ಕೆಲಸ.

ಹಾಗಾದರೆ ಓರೆಯೇ ಇಲ್ಲದೆ ನೇರ ಇದ್ದರೆ ಒಳ್ಳೆಯದಾ ಅಂತ ಒಬ್ಬರು ಕೇಳಿದರು. ಅದೂ ಒಳ್ಳೆಯದಲ್ಲ. ಸ್ವಲ್ಪ ಓರೆ ಇದ್ದರೆ ಕ್ರಾಸಿನ ಒಳಗಿನ ಸೂಜಿಗಳು ಹೊರಳುತ್ತಿರುತ್ತವೆ, ಗ್ರೀಸ್ ಹರಡುತ್ತದೆ. ಪೂರ್ತಿ ನೇರ ಇದ್ದರೆ ಸೂಜಿಗಳು ಒಂದೇ ಜಾಗದಲ್ಲಿ ಕೂತು ಅಲ್ಲೇ ಗುಂಡಿ ಬೀಳುತ್ತದೆ.

ಹೌಸಿಂಗ್ ಮತ್ತು ಕಮಾನಿನ ನಡುವೆ ಓರೆ ತುಂಡು ಇಟ್ಟು ಪಿನಿಯನ್ ಮೂತಿಯನ್ನು, ಅಂದರೆ ಶಾಫ್ಟು ಹೌಸಿಂಗಿಗೆ ಸೇರುವ ತುದಿಯನ್ನು, ಮೇಲಕ್ಕೆ ತಿರುಗಿಸುವುದುಂಟು. ಹಿಂದಿನ ಹೌಸಿಂಗಿಗೆ ಇದು ಸರಿಯಾದ ದಾರಿ. ಆ ತುಂಡು ಕಬ್ಬಿಣದ್ದೇ ಇರಲಿ, ಅಲ್ಯೂಮಿನಿಯಂ ಆದರೆ ಯು ಬೋಲ್ಟಿನ ಬಿಗಿಗೆ ನಜ್ಜುಗುಜ್ಜಾಗುತ್ತದೆ. ಮುಂದಿನ ಹೌಸಿಂಗಿನಲ್ಲಿ ಮಾತ್ರ ಜಗ್ಗಾಟ. ಮೂತಿ ಮೇಲೆತ್ತಿದರೆ ಶಾಫ್ಟಿಗೆ ಸುಖ, ಸ್ಟೇರಿಂಗಿಗೆ ಕಷ್ಟ. ನಾನು ಯಾವಾಗಲೂ ಸ್ಟೇರಿಂಗ್ ಕಡೆಗೇ ನಿಲ್ಲುತ್ತೇನೆ. ಮುಂದಿನ ಶಾಫ್ಟು ಫೋರ್ ವೀಲ್ ಹಾಕಿದಾಗ ಮಾತ್ರ ಹೊರೆ ಹೊರುತ್ತದೆ. ಸ್ಟೇರಿಂಗ್ ದಿನಾ ಬೇಕು.

ಇನ್ನೊಂದು ಇದೆ, ನನ್ನ ಶಾಫ್ಟು ಮುರಿದದ್ದಕ್ಕೆ ನಿಜವಾದ ಕಾರಣ ಅದೇ ಅಂತ ಆಮೇಲೆ ತಿಳಿಯಿತು. ಕಮಾನು ಹೌಸಿಂಗ್ ಮೇಲೆ ಕೂತಾಗ ಹೌಸಿಂಗಿಗೆ ಅದನ್ನು ತಿರುಚುವ ಹಿಡಿತ ಜಾಸ್ತಿ ಸಿಗುತ್ತದೆ. ಏರಿನಲ್ಲಿ ಕ್ಲಚ್ ಬಿಟ್ಟಾಗ ಚಕ್ರ ಮುಂದೆ ಹೋಗಲು ನೋಡುತ್ತದೆ, ಹೌಸಿಂಗ್ ಹಿಮ್ಮುಖವಾಗಿ ತಿರುಗಲು ನೋಡುತ್ತದೆ. ಕಮಾನು ಹಾವಿನ ಹಾಗೆ ಡೊಂಕಾಗುತ್ತದೆ, ಪಿನಿಯನ್ ಮೂತಿ ಮೇಲಕ್ಕೆ ಏಳುತ್ತದೆ. ಆ ಹೊತ್ತಿನಲ್ಲಿ ನೀವು ಗ್ಯಾರೇಜಿನಲ್ಲಿ ಅಳೆದು ಕೂರಿಸಿದ ಕೋನಕ್ಕೆ ಅರ್ಥವೇ ಇಲ್ಲ. ಎರಡು ಕ್ರಾಸಿನ ಕೋನ ಎರಡು ದಿಕ್ಕಿಗೆ ಹೋಗಿರುತ್ತದೆ, ಕವಲಿಗೆ ಕವಲು ಒತ್ತುತ್ತದೆ. ಶಾಫ್ಟಿನ ಮೇಲೆ ಎಷ್ಟು ಬಲ ಬೀಳುತ್ತದೆ ನೋಡಿ. ಎಂಜಿನ್ 120 ನ್ಯೂಟನ್ ಮೀಟರ್ ಕೊಟ್ಟರೆ ಮೊದಲ ಗೇರು ಅದನ್ನು ನಾಲ್ಕು ಪಟ್ಟು ಮಾಡುತ್ತದೆ ಅನ್ನೋಣ. 480 ಆಯಿತು. ಟ್ರಾನ್ಸ್‌ಫರ್ ಕೇಸಿನ ಲೋ ಗೇರು ಹಾಕಿದರೆ ಮತ್ತೆ ಎರಡೂವರೆ ಪಟ್ಟು, 1200. ಅಷ್ಟು ಬಲವನ್ನು ಹೆಬ್ಬೆರಳಿನ ದಪ್ಪದ ನಾಲ್ಕು ತುದಿಯ ಕ್ರಾಸ್ ಹೊರಬೇಕು. ಕಮಾನು ಮೇಲೆ ಕೂರಿಸುವವರು ಹೌಸಿಂಗ್ ತಿರುಗದ ಹಾಗೆ ಚಾಸಿಗೆ ಒಂದು ಉದ್ದದ ತೋಳು ಕೊಡಲೇಬೇಕು. ಅದಿಲ್ಲದೆ ಮಾಡಿಸಿದ ಗಾಡಿಯನ್ನು ನಾನು ಏರಿಗೆ ಒಯ್ಯುವುದಿಲ್ಲ.

ಸ್ಲಿಪ್, ಅಂದರೆ ಸ್ಪ್ಲೈನು ಜಾರುವ ಜಾಗ, ಅದನ್ನೂ ನೋಡಿ. ಗಾಡಿ ಎದ್ದಷ್ಟೂ ಶಾಫ್ಟು ಹೊರಗೆ ಎಳೆಯುತ್ತದೆ. ಸ್ಪ್ಲೈನು ಒಳಗೆ ಎರಡು ಬೆರಳಷ್ಟು ಮಾತ್ರ ಉಳಿದಿದ್ದರೆ ಚರಂಡಿ ದಾಟುವಾಗ ಕಳಚಿಕೊಳ್ಳಬಹುದು. ಶಾಫ್ಟು ಉದ್ದ ಮಾಡಿಸುವುದಾದರೆ ಬ್ಯಾಲೆನ್ಸ್ ಮಾಡುವ ಯಂತ್ರ ಇರುವ ಕಡೆಯೇ ಮಾಡಿಸಿ. ಬರೀ ವೆಲ್ಡಿಂಗ್ ಮಾಡಿಸಿ ತರಬೇಡಿ.

ಸ್ಟೇರಿಂಗ್, ಬ್ರೇಕಿನ ಬಗ್ಗೆ ಬೇಗ ಹೇಳುತ್ತೇನೆ. ಗಾಡಿ ಎತ್ತಿದಾಗ ಸ್ಟೇರಿಂಗ್ ಬಾಕ್ಸಿನಿಂದ ಇಳಿಯುವ ಚಕ್ರ ತಿರುಗಿಸುವ ಡ್ರ್ಯಾಗ್ ಲಿಂಕ್ ಕಂಬಿ ಓರೆಯಾಗುತ್ತದೆ. ಆಗ ಚಕ್ರ ಉಬ್ಬು ಹತ್ತಿದಾಗಲೆಲ್ಲ ಸ್ಟೇರಿಂಗ್ ತಾನಾಗಿ ತಿರುಗುತ್ತದೆ. ಕಾಯಿಲ್ ಸ್ಪ್ರಿಂಗ್ ಮೇಲೆ ಗಟ್ಟಿ ಆಕ್ಸಲ್ ಇರುವ ಗಾಡಿಗಳಲ್ಲಿ ಅಡ್ಡ ಕಂಬಿಯೊಂದು ಆಕ್ಸಲ್ಲನ್ನು ಪಕ್ಕಕ್ಕೆ ಸರಿಯದ ಹಾಗೆ ಹಿಡಿದಿರುತ್ತದೆ. ಎತ್ತಿದರೆ ಆ ಕಂಬಿ ಆಕ್ಸಲ್ಲನ್ನೇ ಒಂದು ಪಕ್ಕಕ್ಕೆ ಎಳೆಯುತ್ತದೆ. ಉದ್ದ ಹೊಂದಿಸುವ ಕಂಬಿ ಸಿಗುತ್ತದೆ, ಹಾಕಿಸಿ. ಶಾಕ್ ಅಬ್ಸಾರ್ಬರ್ ಹೊಸ ಎತ್ತರಕ್ಕೆ ತಕ್ಕಷ್ಟು ಉದ್ದ ಇರಲಿ. ಇಲ್ಲದಿದ್ದರೆ ಚಕ್ರದ ಭಾರವೆಲ್ಲ ಅದಕ್ಕೇ ಜೋತುಬೀಳುತ್ತದೆ. ಬ್ರೇಕ್ ಹೋಸಿನ, ಅಂದರೆ ಚಕ್ರಕ್ಕೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಪೈಪಿನ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಈಗ ಮೇಲಿನ ಕ್ಯಾರಿಯರ್. ಬೋರ್ಡಿನ ಮೇಲೆ ಲೆಕ್ಕ ಮಾಡೋಣ. ಗಾಡಿ 1700 ಕೆಜಿ, ಅದರ ತೂಕದ ಕೇಂದ್ರ ನೆಲದಿಂದ 75 ಸೆಂಟಿಮೀಟರ್ ಎತ್ತರದಲ್ಲಿದೆ, ಚಕ್ರದಿಂದ ಚಕ್ರಕ್ಕೆ ಒಂದೂವರೆ ಮೀಟರ್ ಅಗಲ ಅನ್ನೋಣ. ಮೇಲೆ, ಎರಡು ಮೀಟರ್ ಎತ್ತರದಲ್ಲಿ, 100 ಕೆಜಿ ಹೇರಿ. ತೂಕದ ಕೇಂದ್ರ ಈಗ 82 ಸೆಂಟಿಮೀಟರಿಗೆ ಏರಿತು. ಏಳು ಸೆಂಟಿಮೀಟರ್. ಎರಡು ಇಂಚು ಎತ್ತುವುದು ಅಂದರೆ ಐದು ಸೆಂಟಿಮೀಟರ್ ಅಷ್ಟೇ. ಅಂದರೆ ಮೇಲೆ ಹೇರಿದ ನೂರು ಕೆಜಿ, ಪಲ್ಟಿಯಾಗುವ ಮಟ್ಟಿಗೆ ನೋಡಿದರೆ, ಎರಡು ಇಂಚಿನ ಲಿಫ್ಟಿಗಿಂತ ಕೆಟ್ಟದ್ದು. ಮೊದಲು 45 ಡಿಗ್ರಿ ವಾಲಿದಾಗ ಬೀಳಬೇಕಿದ್ದ ಗಾಡಿ, ಲಿಫ್ಟೂ ಕ್ಯಾರಿಯರ್ರೂ ಸೇರಿದರೆ 41ಕ್ಕೇ ಬೀಳುತ್ತದೆ. ಇದೂ ಗಾಡಿ ನಿಂತಿರುವಾಗಿನ ಲೆಕ್ಕ. ಓಡುವಾಗ, ತಿರುವಿನಲ್ಲಿ, ಕಮಾನು ಒಂದು ಕಡೆ ಕುಸಿದಾಗ ಇಷ್ಟೂ ಉಳಿಯುವುದಿಲ್ಲ.

ನೂರು ಕೆಜಿ ಯಾರು ಹೇರುತ್ತಾರೆ ಅಂತ ಅನ್ನಿಸಬಹುದು. ಕೂಡಿಸಿ ನೋಡಿ. 20 ಲೀಟರಿನ ಡೀಸೆಲ್ ಕ್ಯಾನು, ಕ್ಯಾನಿನ ತೂಕ ಸೇರಿ 21 ಕೆಜಿ. ಎರಡಿದ್ದರೆ 42. ಸ್ಟೆಪ್ನಿ 28. ಉದ್ದದ ಜಾಕು 13. ಕಬ್ಬಿಣದ ಕ್ಯಾರಿಯರ್ರೇ 35. ನೂರು ದಾಟಿಹೋಯಿತು, ಇನ್ನೂ ಟೆಂಟು ಹಾಕಿಲ್ಲ. ಗಾಡಿಯ ಪುಸ್ತಕದಲ್ಲಿ ಮೇಲ್ಛಾವಣಿಗೆ ಎಷ್ಟು ಭಾರ ಅಂತ ಬರೆದಿದ್ದರೆ ಅದರಲ್ಲಿ ಕ್ಯಾರಿಯರ್ ತೂಕವೂ ಸೇರಿದೆ ಅಂತಲೇ ತಿಳಿಯಿರಿ.

ಭಾರದ್ದೆಲ್ಲ ಕೆಳಗೆ, ಹಿಂದಿನ ಸೀಟಿನ ಹತ್ತಿರ, ಗಟ್ಟಿಯಾಗಿ ಕಟ್ಟಿ. ಮೇಲೆ ಹಗುರ ಮತ್ತು ಉದ್ದದ್ದು ಮಾತ್ರ: ಟಾರ್ಪಾಲು, ಸ್ಪ್ರೇ ಪೈಪು, ಮೆಣಸು ಕೊಯ್ಲಿನ ಏಣಿ. ಏಣಿ ಅಂದಾಗ ಒಂದು ಮಾತು. ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ ಜೀವ ಹೋದ ಸುದ್ದಿ ನಮ್ಮ ಕಡೆ ಎಷ್ಟು ಸಲ ಕೇಳಿಲ್ಲ? ಗಾಡಿ ನಾಲ್ಕು ಇಂಚು ಎದ್ದಿದೆ, ಮೇಲೆ ಕ್ಯಾರಿಯರ್ ಇದೆ, ಅದರ ಮೇಲೆ ಏಣಿಯ ತುದಿ ಹಿಂದಕ್ಕೆ ಎದ್ದು ನಿಂತಿದೆ. ತೋಟದ ನಡುವೆ ಜೋತುಬಿದ್ದ ತಂತಿಯ ಕೆಳಗೆ ಹೋಗುವ ಮೊದಲು ಇಳಿದು ನೋಡಿ. ದಯವಿಟ್ಟು ನೋಡಿ.

ಕ್ಯಾರಿಯರ್ ಕಾಲುಗಳನ್ನು ಫೈಬರ್ ಟಾಪಿಗೆ ಬೋಲ್ಟು ಹಾಕಿ ನಿಲ್ಲಿಸಬೇಡಿ. ಬೋಲ್ಟಿನ ತೂತಿನಿಂದ ಬಿರುಕು ಶುರುವಾಗುತ್ತದೆ. ಭಾರ ಬಾಡಿಯ ಕಬ್ಬಿಣಕ್ಕೆ, ಸಾಧ್ಯವಾದರೆ ಒಳಗಿನ ರೋಲ್ ಕೇಜಿಗೆ ಇಳಿಯಬೇಕು.

ಕಾನೂನು ಏನು ಹೇಳುತ್ತದೆ ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ಮುಚ್ಚಿಡದೆ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಮಾಲೀಕರಿಗೆ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಇನ್ಶೂರೆನ್ಸಿನವರಿಗೆ ಹೇಳದೆ ಮಾಡಿದರೆ ಕ್ಲೇಮ್ ಹೊತ್ತಿನಲ್ಲಿ ತಕರಾರು ಬರುತ್ತದೆ. ಹಾಗಾಗಿ ಒಳ್ಳೆಯ ಕಮಾನು, ಒಳ್ಳೆಯ ಶಾಕ್ ಅಬ್ಸಾರ್ಬರ್, ಕಂಪನಿ ಒಪ್ಪುವ ಸೈಜಿನ ಒಳ್ಳೆಯ ಟೈರು, ಇಷ್ಟರಲ್ಲೇ ಎಷ್ಟು ಸಾಧ್ಯವೋ ಅಷ್ಟು ಮಾಡಿ ಅಂತ ನಾನು ಹೇಳುವುದು. ಕೆಸರಿಗೆ ಇಳಿಯುವ ಮೊದಲು ಟೈರಿನ ಗಾಳಿ 18 ಪಿಎಸ್‌ಐಗೆ ಇಳಿಸಿ ನೋಡಿ, ಟಾರು ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿಸಿ. ಒಂದು ಪೈಸೆ ಖರ್ಚಿಲ್ಲ. ಎರಡು ಇಂಚಿನ ಲಿಫ್ಟು ಹತ್ತದ ಎಷ್ಟೋ ಏರನ್ನು ಇದು ಹತ್ತಿಸುತ್ತದೆ.

ಇನ್ನೊಂದು ಮಾತು ಹೇಳದೆ ಹೋದರೆ ನನಗೆ ಸಮಾಧಾನ ಇಲ್ಲ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಹುಲ್ಲುಗಾವಲಿಗೆ ಗಾಡಿ ಇಳಿಸಬೇಡಿ. ಸುಮಾರು 1930 ಮೀಟರ್‌ವರೆಗೆ ಏರುವ ಆ ಗುಡ್ಡಗಳಲ್ಲಿ ಹುಲ್ಲಿನ ಬೇರು ಹಿಡಿದಿರುವ ಮಣ್ಣು ತೆಳು. ಎರಡು ಚಕ್ರದ ಗುರುತಿನಲ್ಲಿ ಮೊದಲ ಮಳೆ ನೀರು ಹರಿಯುತ್ತದೆ, ಎರಡನೇ ವರ್ಷ ಅದು ಕೊರಕಲು. ಅಲ್ಲಿಂದ ಹರಿದು ಬರುವ ನೀರನ್ನೇ ನಾವು ಕೆಳಗೆ ಕುಡಿಯುವುದು. ಗಾಡಿ ಆಡಿಸಲು ತೋಟದ ದಾರಿಗಳಿವೆ, ಮಾಲೀಕರು ಒಪ್ಪಿದ ಜಾಗಗಳಿವೆ.

ಈಗ ಎಲ್ಲರೂ ಹೊರಗೆ ಬನ್ನಿ, ಹೋಸಿನ ಮಾತು ಅಲ್ಲೇ ತೋರಿಸುತ್ತೇನೆ.

(ಹೊರಗೆ ನಾಲ್ಕು ಇಂಚು ಎತ್ತಿಸಿದ ಒಂದು ಜಿಪ್ಸಿಯನ್ನು ಆರಿಸಿಕೊಂಡೆವು. ಬಲ ಮುಂದಿನ ಚಕ್ರವನ್ನೂ ಎಡ ಹಿಂದಿನ ಚಕ್ರವನ್ನೂ ಮೊಣಕಾಲೆತ್ತರದ ಕಲ್ಲಿನ ಕಟ್ಟೆಗಳ ಮೇಲೆ ಹತ್ತಿಸಿ, ಉಳಿದ ಎರಡಕ್ಕೆ ಮರದ ತುಂಡು ಕೊಟ್ಟೆವು. ಎಂಜಿನ್ ನಿಲ್ಲಿಸಿ, ಗೇರಿನಲ್ಲಿಟ್ಟು, ಟಾರ್ಚು ಹಿಡಿದು ಒಬ್ಬೊಬ್ಬರಾಗಿ ಕೆಳಗೆ ಬಗ್ಗಿದರು. ಸ್ಟೇರಿಂಗ್ ಪೂರ್ತಿ ಎಡಕ್ಕೆ, ಆಮೇಲೆ ಪೂರ್ತಿ ಬಲಕ್ಕೆ ತಿರುಗಿಸಿ ನೋಡಿದೆವು. ಎಡಗಡೆ ಕೆಳಗೆ ಇಳಿಬಿದ್ದಿದ್ದ ಮುಂದಿನ ಚಕ್ರದ ಬ್ರೇಕ್ ಹೋಸು ತಂಬೂರಿ ತಂತಿಯ ಹಾಗೆ ಬಿಗಿದಿತ್ತು. ಬೆರಳಿನಿಂದ ಒತ್ತಿದರೆ ಬಾಗುತ್ತಿರಲಿಲ್ಲ. ಲೋಹದ ತುದಿ ರಬ್ಬರಿಗೆ ಸೇರುವ ಜಾಗದಲ್ಲಿ ಕೂದಲಿನಂತಹ ಸಣ್ಣ ಬಿರುಕು, ಅದರ ಸುತ್ತ ಒದ್ದೆ. ಮುಟ್ಟಿ ಮೂಸಿದೆ, ಬ್ರೇಕ್ ಆಯಿಲ್.

ಗಾಡಿಯ ಹುಡುಗ ಕೊಪ್ಪದವನು. ಮಧ್ಯಾಹ್ನ ಗಾಡಿಯಲ್ಲೇ ಮನೆಗೆ ಹೊರಡಬೇಕಿತ್ತು. ಕೀ ತೆಗೆದು ಜೇಬಿಗೆ ಹಾಕಿಕೊಂಡು, ಬಸ್ಸಿನಲ್ಲಿ ಹೋಗುತ್ತೇನೆ ಅಂದ. ಬುಧವಾರ ಉದ್ದದ ಎರಡು ಹೋಸು ತಂದು, ಹಾಕಿಸಿ, ಬ್ರೇಕ್ ಪೈಪಿನ ಗಾಳಿ ತೆಗೆಸಿ, ಮತ್ತೆ ಅದೇ ಕಲ್ಲಿನ ಮೇಲೆ ಹತ್ತಿಸಿ ನೋಡಿಕೊಂಡು ಗಾಡಿ ತೆಗೆದುಕೊಂಡು ಹೋದ.)